ಸಾಹುಕಾರನ ಸಾಲಪತ್ರದಿಂದ ಕ್ರೆಡಿಟ್ ಕಾರ್ಡಿನವರೆಗೆ: ಮೊದಲ ಕಾರ್ಡ್ ತಗೊಳ್ಳುವ ಮುಂಚೆ

ಕಳೆದ ತಿಂಗಳು ನಮ್ಮ ಅಣ್ಣನ ಮಗ ಬೆಂಗಳೂರಿನಿಂದ ಫೋನ್ ಮಾಡಿದ. ವಯಸ್ಸು 22, ಕೆಲಸಕ್ಕೆ ಸೇರಿ ಐದು ತಿಂಗಳು. "ಕಾಕಾ, ಬ್ಯಾಂಕಿನವ್ರು ದಿನಾ ಫೋನ್ ಮಾಡಾಕತ್ಯಾರ. ಕ್ರೆಡಿಟ್ ಕಾರ್ಡ್ ಫ್ರೀ ಅಂತ. ತಗೋಬೇಕೋ ಬ್ಯಾಡೋ?" ಎಂದು ಕೇಳಿದ.

ಒಂದೇ ಮಾತಿನಲ್ಲಿ ಉತ್ತರ ಹೇಳಲು ನಮಗೆ ಆಗಲಿಲ್ಲ. ಯಾಕೆಂದರೆ ಈ ಪ್ರಶ್ನೆ ಹೊಸದಲ್ಲ. ಕಾರ್ಡು ಮಾತ್ರ ಹೊಸದು. ಕೈಯಲ್ಲಿ ಹಣವಿಲ್ಲದಾಗ ಯಾರು ನಂಬಿ ಕೊಡುತ್ತಾರೆ, ಎಷ್ಟು ಬಡ್ಡಿ ಹಾಕುತ್ತಾರೆ, ತೀರಿಸಲಾಗದಿದ್ದರೆ ಏನಾಗುತ್ತದೆ ಎಂದು ನಮ್ಮ ಊರುಗಳು ನೂರೈವತ್ತು ವರ್ಷಗಳಿಂದ ಕೇಳುತ್ತಲೇ ಇವೆ. ಆ ಕಥೆಯನ್ನೇ ಅವನಿಗೆ ಹೇಳಿದೆವು. ನಿಮಗೂ ಹೇಳುತ್ತೇವೆ.

ಹತ್ತಿಗೆ ಬೆಲೆ ಬಂದಾಗ ಸಿಕ್ಕ ಸಾಲ

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಅಲ್ಲಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹೋಗುತ್ತಿದ್ದ ಹತ್ತಿ ನಿಂತಿತು. ಆಗ ಮುಂಬಯಿ ಪ್ರಾಂತ್ಯದ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂತು. ನಮ್ಮ ಧಾರವಾಡ ಸೀಮೆಯ ಎರೆಹೊಲಗಳ ಹತ್ತಿಯೂ ಅದರಲ್ಲಿತ್ತು. ರೈತನ ಕೈಯಲ್ಲಿ ದುಡ್ಡು ಓಡಾಡತೊಡಗಿದಾಗ ಸಾಹುಕಾರರೂ ಧಾರಾಳವಾಗಿ ಸಾಲ ಕೊಟ್ಟರು.

1865ರಲ್ಲಿ ಯುದ್ಧ ಮುಗಿಯಿತು. ಅಮೆರಿಕದ ಹತ್ತಿ ಮತ್ತೆ ಮಾರುಕಟ್ಟೆಗೆ ಬಂದು ಬೆಲೆ ಬಿತ್ತು. ಸಾಲ ಮಾತ್ರ ಹಾಗೇ ಉಳಿಯಿತು, ಬಡ್ಡಿ ಬೆಳೆಯಿತು. ಪುಣೆ, ಅಹಮದ್‌ನಗರ ಜಿಲ್ಲೆಗಳಲ್ಲಿ ಸರ್ಕಾರ ಕಂದಾಯವನ್ನೂ ಏರಿಸಿತು. 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಎಂಬ ಸಂತೆ ಊರಿನಲ್ಲಿ ರೈತರು ಸಾಹುಕಾರರ ಅಂಗಡಿಗಳಿಗೆ ನುಗ್ಗಿದರು. ಖಾತೆ-ಕಿರ್ದಿ, ಸಾಲಪತ್ರಗಳನ್ನು ಹೊರಗೆಳೆದು ಬೆಂಕಿಗೆ ಹಾಕಿದರು. ಇದು ಹತ್ತಾರು ಹಳ್ಳಿಗಳಿಗೆ ಹಬ್ಬಿತು. ಇತಿಹಾಸದಲ್ಲಿ ಇದಕ್ಕೆ ದಖ್ಖನ್ ದಂಗೆ ಎಂದು ಹೆಸರು.

ಅವರ ಸಿಟ್ಟು ಕಾಗದದ ಮೇಲೇ ಯಾಕಿತ್ತು? ಓದಲು ಬಾರದೆ ಹೆಬ್ಬೆಟ್ಟು ಒತ್ತಿದ ಕಾಗದವೇ ಕೋರ್ಟಿನಲ್ಲಿ ಹೊಲವನ್ನು ಕಸಿದುಕೊಳ್ಳುತ್ತಿತ್ತು. 1879ರಲ್ಲಿ ಸರ್ಕಾರ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆ ತಂದಿತು. ಸಾಲದ ಲೆಕ್ಕವನ್ನು ಕೆದಕಿ ನೋಡುವ ಅಧಿಕಾರವನ್ನು ಕೋರ್ಟುಗಳಿಗೆ ಕೊಟ್ಟಿತು.

ಇದರಲ್ಲಿ ನಮ್ಮ ಹುಡುಗನಿಗೆ ಒಂದು ಪಾಠ ಇತ್ತು. ಆದಾಯ ಚೆನ್ನಾಗಿ ಕಾಣುವಾಗಲೇ ಸಾಲ ಮನೆ ಬಾಗಿಲಿಗೆ ಬರುತ್ತದೆ. ಅವನಿಗೆ ಫೋನ್ ಬರಲು ಶುರುವಾದದ್ದೂ ಸಂಬಳ ಖಾತೆ ತೆರೆದ ಮೇಲೆಯೇ.

ಕಣಗಿನಹಾಳದ ಉತ್ತರ

ಸಾಹುಕಾರನನ್ನು ಬಿಟ್ಟರೆ ಬೇರೆ ದಾರಿ ಏನು? ಇದಕ್ಕೆ ನಮ್ಮ ಗದಗ ತಾಲ್ಲೂಕಿನ ಕಣಗಿನಹಾಳ ಒಂದು ಉತ್ತರ ಕೊಟ್ಟಿತು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷ, 1905ರಲ್ಲಿ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಅಲ್ಲಿ ಕೃಷಿ ಪತ್ತಿನ ಸಂಘ ಹುಟ್ಟಿತು. ದೇಶದ ಸಹಕಾರಿ ಚಳವಳಿಯ ಮೊದಲ ಸಂಘವೆಂದು ಅದು ಹೆಸರಾಯಿತು.

'ಪತ್ತು' ಎಂದರೆ ನಂಬಿಕೆ. ಜರ್ಮನಿಯ ರೈಫೈಸನ್ ಎಂಬುವರು 1860ರ ದಶಕದಲ್ಲಿ ಹಳ್ಳಿಗಳಲ್ಲಿ ಕಟ್ಟಿದ ಸಂಘಗಳ ಮಾದರಿಯನ್ನೇ ಆ ಕಾಯ್ದೆ ಹಿಡಿದಿತ್ತು. ಗ್ರಾಮೀಣ ಸಂಘದಲ್ಲಿ ಒಬ್ಬರ ಸಾಲಕ್ಕೆ ಎಲ್ಲ ಸದಸ್ಯರೂ ಹೊಣೆ. ಆದ್ದರಿಂದ ಯಾರಿಗೆ ಎಷ್ಟು ಕೊಡಬೇಕು ಎಂಬುದನ್ನು ಊರಿನವರೇ ತೂಗಿ ನೋಡುತ್ತಿದ್ದರು. ಎತ್ತು ಕೊಳ್ಳಲು ಕೇಳಿದವನು ಎತ್ತನ್ನೇ ಕೊಂಡನೇ ಎಂಬುದೂ ನೆರೆಯವರಿಗೆ ಗೊತ್ತಾಗುತ್ತಿತ್ತು.

ಆದರೆ ಸಾಹುಕಾರ ಅಷ್ಟು ಸುಲಭಕ್ಕೆ ಹೋಗಲಿಲ್ಲ. 1951-52ರ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ಪ್ರಕಾರ ರೈತ ಪಡೆದ ಪ್ರತಿ 100 ರೂಪಾಯಿ ಸಾಲದಲ್ಲಿ ಸುಮಾರು 70 ಲೇವಾದೇವಿದಾರರಿಂದಲೇ ಬಂದಿತ್ತು. ಸಹಕಾರ ಸಂಘಗಳ ಪಾಲು ಸುಮಾರು 3 ರೂಪಾಯಿ, ಬ್ಯಾಂಕುಗಳದ್ದು ಒಂದಕ್ಕಿಂತ ಕಡಿಮೆ. 1969ರ ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣವಾದವು. ನಮ್ಮ ಕರಾವಳಿಯಲ್ಲಿ ಹುಟ್ಟಿದ ಕೆನರಾ, ಸಿಂಡಿಕೇಟ್ ಬ್ಯಾಂಕುಗಳೂ ಅದರಲ್ಲಿದ್ದವು. ಬ್ಯಾಂಕಿನ ಬೋರ್ಡು ಹಳ್ಳಿಗೆ ಬಂದದ್ದು ಅದರ ನಂತರವೇ.

ಕೇಳದೇ ಬಂದ ಕಾರ್ಡು

ಇನ್ನು ಕಾರ್ಡಿನ ಕಥೆ. 1950ರಲ್ಲಿ ನ್ಯೂಯಾರ್ಕಿನಲ್ಲಿ ಡೈನರ್ಸ್ ಕ್ಲಬ್ ಕಾರ್ಡ್ ಬಂತು. ಹೋಟೆಲಿನಲ್ಲಿ ಉಂಡು, ತಿಂಗಳ ಕೊನೆಗೆ ಪೂರ್ತಿ ಬಿಲ್ಲು ಕಟ್ಟುವುದು. ನಮ್ಮ ಕಿರಾಣಿ ಅಂಗಡಿಯ ಉದ್ರಿ ಲೆಕ್ಕದ ಹಾಗೆ.

1958ರ ಸೆಪ್ಟೆಂಬರಿನಲ್ಲಿ ಬ್ಯಾಂಕ್ ಆಫ್ ಅಮೆರಿಕ ಇನ್ನೊಂದು ಹೆಜ್ಜೆ ಇಟ್ಟಿತು. ಕ್ಯಾಲಿಫೋರ್ನಿಯಾದ ಫ್ರೆಸ್ನೊ ಎಂಬ ಊರಿನ ಸುಮಾರು 60,000 ಜನರಿಗೆ ಅಂಚೆಯಲ್ಲಿ ಕಾರ್ಡ್ ಕಳಿಸಿತು. ಯಾರೂ ಅರ್ಜಿ ಹಾಕಿರಲಿಲ್ಲ. ಈ ಕಾರ್ಡಿನಲ್ಲಿ ಪೂರ್ತಿ ಕಟ್ಟಬೇಕೆಂದಿಲ್ಲ. ಸ್ವಲ್ಪ ಕಟ್ಟಿ ಉಳಿದದ್ದಕ್ಕೆ ಬಡ್ಡಿ ಕೊಡುತ್ತಾ ಹೋಗಬಹುದು. ಶೇ 4ರಷ್ಟು ಖಾತೆಗಳು ಬಾಕಿ ಬೀಳಬಹುದೆಂದು ಬ್ಯಾಂಕು ಲೆಕ್ಕ ಹಾಕಿತ್ತು. ಬಿದ್ದದ್ದು ಶೇ 22. ಬ್ಯಾಂಕಿಗೆ ಲಕ್ಷಗಟ್ಟಲೆ ಡಾಲರ್ ನಷ್ಟವಾಯಿತು. ಆದರೂ ಕಾರ್ಡ್ ಸಾಯಲಿಲ್ಲ. ಅದೇ 1976ರಲ್ಲಿ ವೀಸಾ ಎಂದು ಹೆಸರು ಬದಲಿಸಿತು. ಕೇಳದವರಿಗೆ ಕಾರ್ಡ್ ಕಳಿಸುವುದನ್ನು ಅಮೆರಿಕ 1970ರಲ್ಲಿ ನಿಲ್ಲಿಸಿತು.

ಭಾರತದಲ್ಲಿ ಬ್ಯಾಂಕೊಂದು ಕೊಟ್ಟ ಮೊದಲ ಕ್ರೆಡಿಟ್ ಕಾರ್ಡ್ 1980ರ ಸೆಂಟ್ರಲ್ ಬ್ಯಾಂಕಿನದ್ದು ಎನ್ನುತ್ತಾರೆ. ಹಳ್ಳಿಗೆ ಮಾತ್ರ ಮೊದಲು ಬಂದದ್ದು ಕಿಸಾನ್ ಕ್ರೆಡಿಟ್ ಕಾರ್ಡ್, 1998ರಲ್ಲಿ. ಇವೆರಡನ್ನೂ ಒಂದೇ ಎಂದು ತಿಳಿಯುವವರು ಇಂದಿಗೂ ಇದ್ದಾರೆ. ಕಿಸಾನ್ ಕಾರ್ಡ್ ಬೆಳೆ ನೋಡಿ ಕೊಡುವ ಸಾಲ. ಸರ್ಕಾರದ ಬಡ್ಡಿ ಸಹಾಯಧನ ಇರುವುದರಿಂದ ಮಿತಿಯೊಳಗಿನ ಸಾಲವನ್ನು ಸಕಾಲಕ್ಕೆ ತೀರಿಸಿದರೆ ವರ್ಷಕ್ಕೆ ಶೇ 4ರಷ್ಟೇ ಬೀಳುತ್ತದೆ. ಕ್ರೆಡಿಟ್ ಕಾರ್ಡಿಗೆ ಅಂಥ ಸಹಾಯ ಯಾವುದೂ ಇಲ್ಲ.

ಮೂರೂವರೆ ರೂಪಾಯಿ ಬಡ್ಡಿ

ನಮ್ಮಲ್ಲಿ ಬಡ್ಡಿಯನ್ನು ತಿಂಗಳಿಗೆ ನೂರಕ್ಕೆ ಇಷ್ಟು ಎಂದೇ ಹೇಳುವುದು. ನೂರಕ್ಕೆ ಎರಡು ಎಂದರೆ ತಡೆಯಬಹುದು, ಮೂರು ಎಂದರೆ ಹಿರಿಯರು ಹುಬ್ಬು ಗಂಟಿಕ್ಕುತ್ತಾರೆ. ಬಹಳಷ್ಟು ಕ್ರೆಡಿಟ್ ಕಾರ್ಡುಗಳ ಬಡ್ಡಿ ತಿಂಗಳಿಗೆ ನೂರಕ್ಕೆ ಮೂರರಿಂದ ಮೂರೂಮುಕ್ಕಾಲು. ಅಂದರೆ ಸಾಹುಕಾರನ ದರವೇ. ಅದರ ಮೇಲೆ ಶೇ 18 ಜಿಎಸ್‌ಟಿ ಬೇರೆ.

ಇದನ್ನು ಕೇಳಿ ಹೇಳುತ್ತಿಲ್ಲ, ಅನುಭವಿಸಿ ಹೇಳುತ್ತಿದ್ದೇವೆ. ಕೆಲವು ವರ್ಷಗಳ ಹಿಂದೆ ಕಾರ್ಡಿನಲ್ಲಿ 40,000 ರೂಪಾಯಿಯ ಕ್ಯಾಮೆರಾ ಕೊಂಡೆವು. ಸುದ್ದಿ ಕಳಿಸಿದರೆ ಬರುವ ಹಣದಲ್ಲಿ ತೀರಿಸುತ್ತೇವೆ ಎಂಬ ಧೈರ್ಯ. ಹಣ ತಿಂಗಳುಗಟ್ಟಲೆ ಬರಲಿಲ್ಲ. ಬಿಲ್ಲಿನಲ್ಲಿ 'ಮಿನಿಮಮ್ ಡ್ಯೂ' 2,000 ಎಂದಿತ್ತು. ಅಷ್ಟು ಕಟ್ಟಿದರೆ ಸಾಕು ಎಂದುಕೊಂಡೆವು.

ಲೆಕ್ಕ ನೋಡಿ. 40,000ಕ್ಕೆ ನೂರಕ್ಕೆ ಮೂರೂವರೆಯಂತೆ ಬಡ್ಡಿ 1,400. ಜಿಎಸ್‌ಟಿ 252. ಕಟ್ಟಿದ 2,000ದಲ್ಲಿ ಅಸಲಿಗೆ ಹೋದದ್ದು 348 ಮಾತ್ರ. ಹೀಗೆ ಎಂಟು ತಿಂಗಳು ಸುಮಾರು 15,500 ಕಟ್ಟಿದರೂ ಅಸಲು ಇಳಿದದ್ದು 2,700ರಷ್ಟು. ಬಾಕಿ ಇರುವಾಗ ಹೊಸದಾಗಿ ಏನು ಕೊಂಡರೂ ಮೊದಲ ದಿನದಿಂದಲೇ ಬಡ್ಡಿ. ಕೊನೆಗೆ ಮನೆಯವಳ ಬಳೆ ಅಡವಿಟ್ಟು ತೀರಿಸಿದೆವು. ಚಿನ್ನದ ಸಾಲದ ಬಡ್ಡಿ ನೂರಕ್ಕೆ ಒಂದೇ ಇತ್ತು.

ಹಾಗಾದರೆ ಕಾರ್ಡೇ ಬೇಡವೇ? ಹಾಗೂ ಹೇಳಲಾರೆವು. ಬಿಲ್ಲನ್ನು ಪ್ರತಿ ತಿಂಗಳು ಪೂರ್ತಿ ಕಟ್ಟುವವರಿಗೆ ಅದು ಬಡ್ಡಿಯಿಲ್ಲದ ಉದ್ರಿ, ಹೆಚ್ಚೆಂದರೆ ಐವತ್ತು ದಿನದ ಆಸುಪಾಸು. ಕಣಗಿನಹಾಳದಲ್ಲಿ ನೆರೆಯವರು ಮಾಡುತ್ತಿದ್ದ ಕೆಲಸವನ್ನು ಈಗ ಸಿಬಿಲ್‌ನಂಥ ಕಂಪನಿಗಳು ಮಾಡುತ್ತವೆ. 300ರಿಂದ 900ರವರೆಗೆ ಅಂಕ ಕೊಡುತ್ತವೆ. ಸರಿಯಾಗಿ ಕಟ್ಟಿದ ಕಾರ್ಡು ಮುಂದೆ ಮನೆ ಸಾಲಕ್ಕೆ ಸಾಕ್ಷಿಯಾಗುತ್ತದೆ. ತಪ್ಪಿದ ಕಂತೂ ಹಾಗೇ ಸಾಕ್ಷಿಯಾಗುತ್ತದೆ. ಆದರೆ ನೆರೆಯವನಿಗೆ "ಈ ಸಲ ಮಳೆ ಕೈಕೊಟ್ತು" ಎಂದು ಹೇಳಬಹುದಿತ್ತು. ಅಂಕಕ್ಕೆ ಹೇಳಲಾಗದು.

ಇಂದಿನ ಹೆಬ್ಬೆಟ್ಟು

2022ರಲ್ಲಿ ರಿಸರ್ವ್ ಬ್ಯಾಂಕ್ ಹೊಸ ನಿಯಮ ತಂದಿದೆ. ಕೇಳದವರಿಗೆ ಕಾರ್ಡ್ ಕೊಡುವಂತಿಲ್ಲ. ಕಾರ್ಡ್ ಬಂದು 30 ದಿನವಾದರೂ ಚಾಲೂ ಮಾಡದಿದ್ದರೆ, ಓಟಿಪಿ ಮೂಲಕ ನಿಮ್ಮ ಒಪ್ಪಿಗೆ ಪಡೆಯಬೇಕು, ಒಪ್ಪದಿದ್ದರೆ ಮುಚ್ಚಬೇಕು. ಬಾಕಿ ಇಲ್ಲದಿದ್ದಾಗ ನೀವು ಮುಚ್ಚಲು ಹೇಳಿದರೆ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು. ಫ್ರೆಸ್ನೊದಲ್ಲಿ ಆದ ತಪ್ಪು ನಮ್ಮಲ್ಲಿ ಆಗದಿರಲಿ ಎಂಬುದೇ ಇದರ ಉದ್ದೇಶ. ಆದರೆ ಫೋನಿನಲ್ಲಿ ಓಟಿಪಿ ಹೇಳಿದಿರೋ, ಅದೇ ನಿಮ್ಮ ಹೆಬ್ಬೆಟ್ಟು.

ನಮ್ಮ ಹುಡುಗನಿಗೆ ಇಷ್ಟೇ ಕೇಳಿದೆವು: ಸಂಬಳ ಎರಡು ತಿಂಗಳು ನಿಂತರೆ ಬಿಲ್ಲು ಹೇಗೆ ಕಟ್ಟುತ್ತೀಯ? ಅವನು ಕೂತು ಬರೆದ. ಸಂಬಳ 19,000. ರೂಮು, ಮೆಸ್ಸು, ಬೈಕಿನ ಕಂತು, ಊರಿಗೆ ಕಳಿಸುವ 4,000. ಉಳಿಯುವುದು ಸಾವಿರದೈನೂರು.

ಮೂರು ದಿನ ಬಿಟ್ಟು ಮತ್ತೆ ಫೋನ್ ಮಾಡಿದ. "ಸದ್ಯಕ್ಕ ಬ್ಯಾಡ ಕಾಕಾ. ಬೈಕಿನ ಕಂತು ಯುಗಾದಿಗೆ ಮುಗೀತದ. ಆಮ್ಯಾಲ ಹದಿನೈದು ಸಾವಿರ ಎಫ್‌ಡಿ ಇಟ್ಟು, ಅದರ ಮ್ಯಾಲ ಸಣ್ಣ ಕಾರ್ಡ್ ತಗೋತೀನಿ" ಎಂದ. ಎಫ್‌ಡಿ ಮೇಲೆ ಕೊಡುವ ಕಾರ್ಡಿನ ಮಿತಿ ಆ ಠೇವಣಿಯೊಳಗೇ ಇರುತ್ತದೆ. ಕೈ ತಪ್ಪಿದರೂ ಹೊಡೆತ ಅಷ್ಟಕ್ಕೇ ನಿಲ್ಲುವ ಸಾಧ್ಯತೆ ಹೆಚ್ಚು.

ಅವನ ಅಪ್ಪನಿಗೆ ಈ ಮಾತೆಲ್ಲ ಗೊತ್ತಿಲ್ಲ. ಸಂಘದಲ್ಲಿ ಬೆಳೆಸಾಲ ಕಟ್ಟಿ ರಸೀದಿ ತಂದು ಜಂತಿಗೆ ಸಿಕ್ಕಿಸುವುದು ಅವನ ರೂಢಿ. ಮಗನಿಗೆ ನಾವು ಹೇಳಿದ್ದೂ ಅದನ್ನೇ: ಕಾರ್ಡ್ ಬಂದ ಮೇಲೆ ಬಿಲ್ಲನ್ನು ಪ್ರತಿ ತಿಂಗಳು ಪೂರ್ತಿ ಓದು, ಪೂರ್ತಿ ಕಟ್ಟು, ರಸೀದಿ ಇಟ್ಟುಕೋ.