ಸಾಸಿವೆಯ ಪುಟ್ಟ ಬಂಧುವಿಗೆ ಸರಿಯಾದ ಹೆಸರು ಸಿಕ್ಕ ಕಥೆ

ಸಾಸಿವೆ ಹೂವನ್ನು ಹತ್ತಿರದಿಂದ ನೋಡಿದ್ದೀರಾ? ಎದುರುಬದುರಾಗಿ ನಾಲ್ಕು ದಳ. ನಡುವೆ ಆರು ಕೇಸರ, ಅದರಲ್ಲಿ ನಾಲ್ಕು ಉದ್ದ, ಎರಡು ಗಿಡ್ಡ. ಮೂಲಂಗಿ ಹೂ ಬಿಟ್ಟಾಗಲೂ ಇದೇ ಲೆಕ್ಕ. ಈ ಗುರುತು ಕಂಡರೆ ಗಿಡ ಸಾಸಿವೆ ಕುಟುಂಬದ್ದು ಎನ್ನಬಹುದು. ಆದರೆ ಆ ದೊಡ್ಡ ಮನೆಯೊಳಗೆ ಯಾರು ಯಾರೆಂದು ಹೇಳುವುದೇ ಕಷ್ಟ.

ಲಡಾಖಿನ ಎತ್ತರದ ಬೆಟ್ಟಗಳಲ್ಲಿ ಈ ಕಷ್ಟ ಇನ್ನೂ ಹೆಚ್ಚು. ಚಳಿ, ಗಾಳಿಗೆ ಅಲ್ಲಿನ ಗಿಡಗಳು ನೆಲಕ್ಕೆ ಅಂಟಿಕೊಂಡು, ಪುಟ್ಟ ದಿಂಬಿನಂತೆ ಬೆಳೆಯುತ್ತವೆ. ನೋಡಲು ಎಲ್ಲವೂ ಒಂದೇ. ಈ ಕುಟುಂಬದ ಡ್ರಾಬಾ ಎಂಬ ಒಂದೇ ಕುಲದಲ್ಲಿ ಜಗತ್ತಿನಾದ್ಯಂತ ಸುಮಾರು 400 ಪ್ರಭೇದಗಳಿವೆ. ಅವನ್ನು ಬೇರ್ಪಡಿಸಲು ಎಲೆಯ ಮೇಲಿನ ರೋಮವನ್ನು ಲೆನ್ಸ್ ಹಿಡಿದು ನೋಡಬೇಕು. ರೋಮ ಒಂಟಿಯೋ, ಕವಲೊಡೆದಿದೆಯೋ, ನಕ್ಷತ್ರದಂತಿದೆಯೋ? ಕಾಯಿಯ ಆಕಾರವನ್ನೂ ನೋಡಬೇಕು. ಬರೀ ಹೂವಿದ್ದು ಕಾಯಿ ಇಲ್ಲದಿದ್ದರೆ ತಜ್ಞರೂ ತಡವರಿಸುತ್ತಾರೆ.

ಲಡಾಖಿನ ಗಿಡಗಳ ಲೆಕ್ಕ ಹಳೆಯದು. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಥಾಮಸ್ ಥಾಮ್ಸನ್ 1848ರಲ್ಲಿ ಕಾರಕೋರಂ ಕಣಿವೆದಾರಿಯವರೆಗೂ ಹೋಗಿ ಗಿಡ ಸಂಗ್ರಹಿಸಿದರು. ಅವರ ಗೆಳೆಯ ಜೋಸೆಫ್ ಹೂಕರ್ 1872ರಿಂದ 1897ರವರೆಗೆ ಏಳು ಸಂಪುಟಗಳಲ್ಲಿ ಭಾರತದ ಸಸ್ಯಗಳ ಪಟ್ಟಿ ಹೊರತಂದರು. ಆದರೂ ಎಷ್ಟೋ ಗಿಡಗಳು ಲೆಕ್ಕಕ್ಕೆ ಸಿಗದೆ ಉಳಿದವು.

ಜೆಕ್ ದೇಶದ ಸಸ್ಯವಿಜ್ಞಾನಿ ಲಿಯೋಶ್ ಕ್ಲಿಮೆಶ್ ಅಂಥ ಗಿಡಗಳನ್ನು ಹುಡುಕಿ ಲಡಾಖಿನ ಬೆಟ್ಟಗಳನ್ನು ಸುತ್ತಿದರು. ಇತ್ತ ಅಮೆರಿಕದ ಮಿಸೌರಿ ಸಸ್ಯೋದ್ಯಾನದಲ್ಲಿ ಇರಾಕ್ ಮೂಲದ ಇಹ್ಸಾನ್ ಅಲ್-ಶಹಬಾಜ್ ಇದ್ದರು. ಸಾಸಿವೆ ಕುಟುಂಬದ ವಿಷಯದಲ್ಲಿ ಜಗತ್ತೇ ಅವರ ಮಾತು ಕೇಳುತ್ತದೆ. 2002ರಲ್ಲಿ ಅವರು ಲಡಾಖಿನ ಒಂದು ಪುಟ್ಟ ಗಿಡ ಹೊಸ ಪ್ರಭೇದವೆಂದು ಗುರುತಿಸಿ, ಕ್ಲಿಮೆಶ್ ಗೌರವಕ್ಕೆ 'ಅಲಿಸಮ್ ಕ್ಲಿಮೆಸಿ' ಎಂದು ಹೆಸರಿಟ್ಟರು.

2008ರಲ್ಲಿ ಕ್ಲಿಮೆಶ್ ಮುಯ್ಯಿ ತೀರಿಸಿದರು. ಪೂರ್ವ ಲಡಾಖಿನ ಇನ್ನೊಂದು ಹೊಸ ಗಿಡಕ್ಕೆ ಅವರು ಮತ್ತು ರಷ್ಯಾದ ದ್ಮಿತ್ರಿ ಗೆರ್ಮನ್ ಸೇರಿ 'ಡ್ರಾಬಾ ಅಲ್‌ಶಹಬಾಜಿ' ಎಂದು ಹೆಸರಿಟ್ಟರು. ಮರುವರ್ಷ, 2009ರಲ್ಲಿ, ಲಡಾಖಿನ ಬೆಟ್ಟಕ್ಕೆ ಹೋದ ಕ್ಲಿಮೆಶ್ ಮರಳಿ ಬರಲೇ ಇಲ್ಲ.

ಅವರ ಹೆಸರಿನ ಗಿಡದ ವಿಚಾರಣೆ ಮಾತ್ರ ನಿಲ್ಲಲಿಲ್ಲ. 2010ರಲ್ಲಿ ಗೆರ್ಮನ್ ಮತ್ತು ಅಲ್-ಶಹಬಾಜ್ ಅದನ್ನು ಅಲಿಸಮ್ ಕುಲದಿಂದ ತೆಗೆದು, ಅದಕ್ಕಾಗಿಯೇ ಹೊಸ ಕುಲ ಮಾಡಿದರು. ಈಗ ಅದು 'ಲಡಾಕಿಯೆಲ್ಲಾ ಕ್ಲಿಮೆಸಿ'. ಊರಿನ ಹೆಸರು ಮೊದಲು, ಮನುಷ್ಯನ ಹೆಸರು ನಂತರ. ಎಂಟು ವರ್ಷದ ಹಿಂದೆ ತಾವೇ ಇಟ್ಟ ಹೆಸರನ್ನು ತಿದ್ದಲು ಅಲ್-ಶಹಬಾಜ್ ಹಿಂಜರಿಯಲಿಲ್ಲ.

ಇಷ್ಟು ಸಣ್ಣ ಗಿಡಕ್ಕೆ ಇಷ್ಟೊಂದು ತಲೆಕೆಡಿಸಿಕೊಳ್ಳಬೇಕೇ? ಬೇಕು. 2003ರಲ್ಲಿ ಲಡಾಖಿನ ಬೆಟ್ಟಗಳಲ್ಲಿ ಅತಿ ಎತ್ತರಕ್ಕೆ ಬೆಳೆದ ಗಿಡಗಳನ್ನು ದಾಖಲಿಸಿದ್ದರು. ಹತ್ತು ವರ್ಷದ ನಂತರ ಮತ್ತೆ ನೋಡಿದರೆ ಕೆಲವು ಪ್ರಭೇದಗಳು ಮೇಲಕ್ಕೆ ಹತ್ತಿದ್ದವು, ಬಿಸಿಯಾಗುತ್ತಿರುವ ಹವೆಯ ಜೊತೆಗೆ. ಹಾಗಂತ ಕಥೆ ಅಷ್ಟು ಸರಳವಲ್ಲ. 2010ರ ಬೇಸಿಗೆಯಲ್ಲಿ ಸುರಿದ ಭಾರಿ ಹಿಮಕ್ಕೆ ಅಲ್ಲಿನ ಹಸಿರು ಬಹಳಷ್ಟು ಕಡಿಮೆಯಾಗಿತ್ತು. ಯಾವ ಗಿಡ ಹತ್ತಿತು, ಯಾವುದು ಸತ್ತಿತು ಎಂದು ಹೇಳಲು ಮೊದಲು ಅದರ ಹೆಸರು ಸರಿಯಾಗಿ ಗೊತ್ತಿರಬೇಕು. ಹೆಸರು ತಪ್ಪಿದರೆ ಲೆಕ್ಕವೂ ತಪ್ಪು.

2012ರ ಬೇಸಿಗೆಯಲ್ಲಿ ಶುಕುಲೆ-2 ಶಿಖರದ ಹತ್ತಿರ, 6,150 ಮೀಟರ್ ಎತ್ತರದ ಒಂದೇ ತುಂಡು ನೆಲದಲ್ಲಿ ಆರು ಬಗೆಯ ಗಿಡಗಳು ಕಂಡವು. ಅಷ್ಟು ಮೇಲೆ ಹೂಬಿಡುವ ಜಾತಿಯ ಗಿಡ ಬೆಳೆಯುವುದು ಬಹಳ ಅಪರೂಪ. ಆರರಲ್ಲಿ ಮೂರು ಸಾಸಿವೆಯ ಬಂಧುಗಳು. ಅವುಗಳಲ್ಲಿ ಒಂದು ಅಲ್-ಶಹಬಾಜ್ ಹೆಸರಿನದು, ಇನ್ನೊಂದು ಕ್ಲಿಮೆಶ್ ಹೆಸರಿನದು.