ಸೈಟಿನ ರೇಟು ಇಳಿಯುವುದೇ ಇಲ್ಲ ಎಂಬುದು ನಿಜವೇ?

‘ಬಂಗಾರ ಬೇಕಾದರೆ ಇಳಿಯಬಹುದು, ಭೂಮಿ ಮಾತ್ರ ಇಳಿಯಲ್ಲ.’ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಈ ಮಾತು ಕೇಳದವರು ಕಡಿಮೆ. ವ್ಯಾಪಾರ ಡಲ್ ಆಗಿದೆ ಎಂದು ದಲ್ಲಾಳಿಗಳೇ ಒಪ್ಪಿಕೊಳ್ಳುವ ದಿನಗಳಲ್ಲೂ ಸುದ್ದಿ ಬರುವುದು ‘ಮಾರಾಟ ಇಳಿದಿದೆ, ಬೆಲೆ ಹಾಗೇ ಇದೆ’ ಎಂದು. ಕೊಳ್ಳುವವರೇ ಇಲ್ಲದಾಗ ಬೆಲೆ ಹಾಗೇ ಇರಲು ಹೇಗೆ ಸಾಧ್ಯ?

ಚುಟುಕಾಗಿ ಹೇಳುವುದಾದರೆ, ಭೂಮಿಯ ಬೆಲೆಯೂ ಇಳಿಯುತ್ತದೆ. ಆದರೆ ಸಣ್ಣ ಊರುಗಳಲ್ಲಿ ಆ ಇಳಿತ ಮೊದಲು ಕಾಣುವುದು ರೇಟಿನಲ್ಲಲ್ಲ, ಸೈಟು ಮಾರಾಟವಾಗಲು ಹಿಡಿಯುವ ಸಮಯದಲ್ಲಿ. ಅದು ಹೇಗೆಂದು ನೋಡೋಣ.

ಒಂದೇ ಸೈಟು, ಮೂರು ಬೆಲೆ

ಮೂವತ್ತು–ನಲವತ್ತರ ಒಂದು ಸೈಟಿಗೆ ಏಕಕಾಲಕ್ಕೆ ಮೂರು ಬೆಲೆ ಇರುತ್ತದೆ. ಮೊದಲನೆಯದು ಮಾರುವವರು ಹೇಳುವ ಬೆಲೆ. ಎರಡನೆಯದು ಸರ್ಕಾರದ ಮಾರ್ಗಸೂಚಿ ದರ. ಮೂರನೆಯದು ನಿಜವಾಗಿ ಕೈಯಿಂದ ಕೈಗೆ ಹೋದ ಹಣ. ಸುದ್ದಿಯಲ್ಲಿ ಬರುವ ‘ರೇಟು’ ಬಹುಪಾಲು ಮೊದಲನೆಯದು. ನಮಗೆ ಬೇಕಾಗಿರುವುದು ಮೂರನೆಯದು.

ಬೆಂಗಳೂರಿನಂಥ ದೊಡ್ಡ ನಗರಗಳಿಗೆ ರಿಸರ್ವ್ ಬ್ಯಾಂಕ್ ಮನೆ ಬೆಲೆ ಸೂಚ್ಯಂಕ ಪ್ರಕಟಿಸುತ್ತದೆ. ನೋಂದಣಿಯಾದ ವ್ಯವಹಾರಗಳೇ ಅದಕ್ಕೆ ಆಧಾರ. ಮಧುಗಿರಿಗಾಗಲಿ ಪಾವಗಡಕ್ಕಾಗಲಿ ಅಂಥ ಸೂಚ್ಯಂಕವಿಲ್ಲ. ಹಾಗಾಗಿ ಇಲ್ಲಿ ಬಾಯಿಮಾತಿನ ಬೆಲೆಯೇ ಮಾರುಕಟ್ಟೆ ಬೆಲೆಯಂತೆ ಓಡಾಡುತ್ತದೆ.

ಮಾರ್ಗಸೂಚಿ ದರ ಏರಿದ್ದನ್ನು ‘ಬೆಲೆ ಏರಿತು’ ಎಂದು ಓದುವವರೂ ಇದ್ದಾರೆ. ಅದು ಮುದ್ರಾಂಕ ಶುಲ್ಕ ಲೆಕ್ಕಹಾಕಲು ಸರ್ಕಾರ ನಿಗದಿ ಮಾಡುವ ಕನಿಷ್ಠ ಮೌಲ್ಯ. ಕ್ರಯಪತ್ರದ ಮೊತ್ತ ಅದಕ್ಕಿಂತ ಕಡಿಮೆ ಇದ್ದರೂ ಶುಲ್ಕವನ್ನು ಈ ದರದ ಮೇಲೇ ಕಟ್ಟಬೇಕು. ರಾಜ್ಯದಲ್ಲಿ 2023ರ ಅಕ್ಟೋಬರ್ 1ರಿಂದ ಈ ದರಗಳನ್ನು ಪರಿಷ್ಕರಿಸಲಾಯಿತು. ಅಂದು ಬೆಳಿಗ್ಗೆ ಯಾರ ಸೈಟಿಗೂ ಹೊಸ ಗಿರಾಕಿ ಹುಟ್ಟಲಿಲ್ಲ. ಏರಿದ್ದು ನೋಂದಣಿಯ ಖರ್ಚು ಮಾತ್ರ. ಮಾರುಕಟ್ಟೆ ಇಳಿದಾಗ ಈ ದರವೂ ತಾನಾಗಿ ಇಳಿಯುವುದಿಲ್ಲ. ಸೈಟನ್ನು ಮಾರ್ಗಸೂಚಿ ದರಕ್ಕಿಂತ ತೀರಾ ಕಡಿಮೆಗೆ ಮಾರಿದರೆ ಆದಾಯ ತೆರಿಗೆ ಇಲಾಖೆ ಲಾಭವನ್ನು ಮಾರ್ಗಸೂಚಿ ದರದ ಮೇಲೇ ಲೆಕ್ಕಹಾಕಬಹುದು. ಇದಕ್ಕಿರುವ ರಿಯಾಯಿತಿ ಶೇ 10ರಷ್ಟು ವ್ಯತ್ಯಾಸದವರೆಗೆ ಮಾತ್ರ.

‘ನೋಂದಣಿ ಹೆಚ್ಚಾಗಿದೆ’ ಎಂಬ ಸುದ್ದಿಯಲ್ಲೂ ಹೀಗೇ ಎಡವುತ್ತೇವೆ. 2023ರ ಸೆಪ್ಟೆಂಬರ್ ಕೊನೆಯಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಗಳು ತುಂಬಿ ತುಳುಕಿದ್ದವು. ಬೇಡಿಕೆ ಉಕ್ಕಿದ್ದರಿಂದಲ್ಲ, ಹೊಸ ದರ ಬರುವ ಮೊದಲು ಮುಗಿಸಿಕೊಳ್ಳಬೇಕೆಂಬ ಆತುರದಿಂದ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿತು. ಇಂಥ ದಿನಾಂಕಗಳ ಆಚೀಚೆಯ ಅಂಕಿಗಳನ್ನು ನೋಡಿ ಮಾರುಕಟ್ಟೆ ಏರಿತು, ಬಿತ್ತು ಎನ್ನುವುದು ಹಬ್ಬದ ಹಿಂದಿನ ದಿನದ ಹೂವಿನ ವ್ಯಾಪಾರ ನೋಡಿ ವರ್ಷದ ಲೆಕ್ಕ ಹೇಳಿದಂತೆ.

ಹಾಗಾದರೆ ರೇಟು ಇಳಿದಂತೆ ಏಕೆ ಕಾಣುವುದಿಲ್ಲ?

ಯಾಕೆಂದರೆ ಕೊಂಡ ಬೆಲೆಗಿಂತ ಕಡಿಮೆಗೆ ಮಾರಲು ಮನಸ್ಸು ಒಪ್ಪುವುದಿಲ್ಲ. ಅಮೆರಿಕದ ಬೋಸ್ಟನ್ ನಗರದಲ್ಲಿ 1990ರ ದಶಕದ ಫ್ಲ್ಯಾಟ್ ಮಾರಾಟಗಳನ್ನು ಜೆನೆಸೊವ್ ಮತ್ತು ಮೇಯರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿ 2001ರಲ್ಲಿ ಪ್ರಕಟಿಸಿದರು. ಬೆಲೆ ಬಿದ್ದ ಮೇಲೆ ನಷ್ಟದಲ್ಲಿದ್ದ ಮಾಲೀಕರು ಉಳಿದವರಿಗಿಂತ ಹೆಚ್ಚಿನ ಬೆಲೆ ಹೇಳುತ್ತಿದ್ದರು. ಕೆಲವರಿಗೆ ಸ್ವಲ್ಪ ಹೆಚ್ಚು ಸಿಕ್ಕಿತು ಕೂಡ. ಆದರೆ ಅವರ ಫ್ಲ್ಯಾಟುಗಳು ಬಿಕರಿಯಾಗಲು ಹೆಚ್ಚು ಕಾಲ ಹಿಡಿಯಿತು.

ನಮ್ಮ ಊರುಗಳಲ್ಲಿ ಇದು ಇನ್ನೂ ಸುಲಭ. ಸಾಲವಿಲ್ಲದೆ ಕೊಂಡ ಸೈಟಿಗೆ ಕಂತು ಕಟ್ಟುವ ಒತ್ತಡವಿಲ್ಲ. ‘ಇರಲಿ ಬಿಡು, ಮುಂದೆ ಮಾರೋಣ’ ಎಂದು ಕೂರಬಹುದು. ಎಲ್ಲರೂ ಹೀಗೆ ಕೂತರೆ ಕಡಿಮೆ ಬೆಲೆಯ ಮಾರಾಟಗಳು ನಡೆಯುವುದೇ ಇಲ್ಲ. ನಡೆಯದ ಮಾರಾಟಕ್ಕೆ ಬೆಲೆಯಿಲ್ಲ. ಹಾಗಾಗಿ ಹಳೆಯ ರೇಟೇ ಬಾಯಲ್ಲಿ ಉಳಿಯುತ್ತದೆ.

ಇನ್ನೊಂದು ಕಾರಣ ಹಣದುಬ್ಬರ. ಒಂದು ಕಾಲ್ಪನಿಕ ಲೆಕ್ಕ ಹಾಕೋಣ. 6 ಲಕ್ಷಕ್ಕೆ ಕೊಂಡ ಸೈಟನ್ನು 8 ವರ್ಷದ ನಂತರ 8 ಲಕ್ಷಕ್ಕೆ ಮಾರಿದಿರಿ ಎನ್ನಿ. ಎರಡು ಲಕ್ಷ ಲಾಭವೇ? ಹಣದುಬ್ಬರ ವರ್ಷಕ್ಕೆ ಶೇ 5 ಇದ್ದರೆ, ಅಂದಿನ 6 ಲಕ್ಷಕ್ಕೆ ಸಮನಾಗಲು ಇಂದು ಸುಮಾರು 8 ಲಕ್ಷ 86 ಸಾವಿರ ಬೇಕು. ಕೊಳ್ಳುವಾಗ ಕಟ್ಟಿದ ಮುದ್ರಾಂಕ ಮತ್ತು ನೋಂದಣಿ ಶುಲ್ಕ, ದಲ್ಲಾಳಿ ಕಮಿಷನ್ ಇದರಲ್ಲಿ ಸೇರಿಲ್ಲ. ರೇಟು ಏರಿದೆ, ಮೌಲ್ಯ ಇಳಿದಿದೆ.

ರೇಟೇ ಬಿದ್ದ ಉದಾಹರಣೆಗಳೂ ಇವೆ. ಜಪಾನಿನ ದೊಡ್ಡ ನಗರಗಳ ಭೂಮಿಯ ಬೆಲೆ 1991ರಲ್ಲಿ ತುದಿ ಮುಟ್ಟಿ, ಆಮೇಲೆ ದಶಕಕ್ಕೂ ಹೆಚ್ಚು ಕಾಲ ಇಳಿಯಿತು. ಅಮೆರಿಕದಲ್ಲಿ 2006ರಿಂದ 2012ರ ಹೊತ್ತಿಗೆ ಮನೆಗಳ ಬೆಲೆ ಕಾಲು ಭಾಗಕ್ಕಿಂತ ಹೆಚ್ಚು ಕುಸಿಯಿತು. ‘ಭೂಮಿ ಹೊಸದಾಗಿ ಹುಟ್ಟಲ್ಲ’ ಎಂಬ ವಾದ ಅಲ್ಲೂ ಇತ್ತು.

‘ಬರುತ್ತದಂತೆ’ ಎಂಬ ಸುದ್ದಿ

ಈ ನಾಲ್ಕು ತಾಲ್ಲೂಕುಗಳಲ್ಲಿ ಮಾರಾಟ ತಣ್ಣಗಾದಾಗ ಮತ್ತೆ ಬಿಸಿ ಮಾಡುವುದು ಯೋಜನೆಗಳ ಸುದ್ದಿ. ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣ ಶಿರಾಕ್ಕೆ ಬರಬೇಕೆಂಬ ಒತ್ತಾಯ ಹಲವು ಸಲ ಕೇಳಿಬಂದಿದೆ. 2025ರ ಏಪ್ರಿಲ್‌ನಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡ ನೋಡಿ ಹೋದ ಮೂರು ಜಾಗಗಳಲ್ಲಿ ಎರಡು ಕನಕಪುರ ರಸ್ತೆ ಕಡೆಯವು, ಒಂದು ನೆಲಮಂಗಲ–ಕುಣಿಗಲ್ ರಸ್ತೆಯದು. ಜೊತೆಗೆ ದೇವನಹಳ್ಳಿ ನಿಲ್ದಾಣದ ಒಪ್ಪಂದದ ಪ್ರಕಾರ 2033ರವರೆಗೆ 150 ಕಿ.ಮೀ. ಒಳಗೆ ಹೊಸ ನಿಲ್ದಾಣಕ್ಕೆ ನಿರ್ಬಂಧವಿದೆ.

ತುಮಕೂರು–ರಾಯದುರ್ಗ ರೈಲು ಮಾರ್ಗ ಕತೆಯಲ್ಲ, ನಿಜ. ಕೊರಟಗೆರೆ, ಮಧುಗಿರಿ, ಪಾವಗಡದ ಮೇಲೆ ಹೋಗುವ ಈ ಮಾರ್ಗ ಮಂಜೂರಾದದ್ದು 2007–08ರಲ್ಲಿ. ‘ರೈಲು ಬಂದೇ ಬಿಟ್ಟಿತು’ ಎಂದು ಆಗ ದುಬಾರಿ ಸೈಟು ಕೊಂಡವರ ಹಣ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು. ಒತ್ತಾಯ, ಪ್ರಸ್ತಾವ, ಸರ್ವೆ, ಮಂಜೂರಾತಿ, ಭೂಸ್ವಾಧೀನ, ಕಾಮಗಾರಿ ಇವೆಲ್ಲ ಬೇರೆ ಬೇರೆ ಮೆಟ್ಟಿಲು. ಸೈಟು ಮಾರುವ ಕರಪತ್ರದಲ್ಲಿ ಎಲ್ಲವೂ ಒಂದೇ ಆಗಿಬಿಡುತ್ತವೆ.

ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಲಿನ ಸೋಲಾರ್ ಪಾರ್ಕ್ ಬೇರೆಯದೇ ಪಾಠ ಹೇಳುತ್ತದೆ. 2018ರಲ್ಲಿ ಉದ್ಘಾಟನೆಯಾದ ಈ ಪಾರ್ಕ್‌ಗೆ ಸುಮಾರು 13,000 ಎಕರೆಯನ್ನು ರೈತರಿಂದ ಕೊಳ್ಳದೆ ಗುತ್ತಿಗೆಗೆ ಪಡೆಯಲಾಯಿತು. ಆರಂಭದ ದರ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಅಲ್ಲಿನ ಭೂಮಿಯ ಬೆಲೆಯನ್ನು ಬರುವ ಆದಾಯದಿಂದ ಅಳೆಯಬಹುದು. ಊರಾಚೆಯ ಖಾಲಿ ಸೈಟಿಗೆ ಬಾಡಿಗೆಯೂ ಇಲ್ಲ, ಬೆಳೆಯೂ ಇಲ್ಲ. ಅದರ ಬೆಲೆ ನಿಂತಿರುವುದು ‘ಮುಂದೆ ಯಾರಾದರೂ ಹೆಚ್ಚಿಗೆ ಕೊಡುತ್ತಾರೆ’ ಎಂಬ ನಂಬಿಕೆಯ ಮೇಲೆ. ಮಂದಗತಿಯಲ್ಲಿ ಮೊದಲು ಅಲುಗಾಡುವುದೂ ಅದೇ ನಂಬಿಕೆ.

ಕಾಯುವುದಕ್ಕೂ ಬೆಲೆಯಿದೆ

ತುರ್ತಾಗಿ ಹಣ ಬೇಕಾದ ಮನೆಗಳಿಗೆ ಈ ನಂಬಿಕೆ ದುಬಾರಿಯಾಗುತ್ತದೆ. ಆಸ್ಪತ್ರೆ ಖರ್ಚಿಗೋ ಮಗಳ ಮದುವೆಗೋ 3 ಲಕ್ಷ ಬೇಕು. ಕೇಳಲು ಬಂದವರು ಹೇಳಿದ್ದಕ್ಕಿಂತ 50 ಸಾವಿರ ಕಡಿಮೆ ಎನ್ನುತ್ತಾರೆ. ‘ಭೂಮಿ ಇಳಿಯಲ್ಲ’ ಎಂದು ಸೈಟನ್ನು ಉಳಿಸಿಕೊಂಡು, ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ಕೈಸಾಲ ಮಾಡುತ್ತಾರೆ. ತಿಂಗಳಿಗೆ 6,000, ವರ್ಷಕ್ಕೆ 72,000. ಅಂದರೆ ಬಿಟ್ಟುಕೊಡಬೇಕಿದ್ದ 50 ಸಾವಿರ ಒಂಬತ್ತು ತಿಂಗಳೊಳಗೆ ಬಡ್ಡಿಗೇ ಹೋಗಿರುತ್ತದೆ, ಅಸಲು ಹಾಗೇ ಇರುತ್ತದೆ.

ಹಾಗೆಂದು ಮಂದಗತಿಯಲ್ಲಿ ಸಿಕ್ಕ ಬೆಲೆಗೆ ಮಾರಿ ಎಂದು ನಾವು ಹೇಳುತ್ತಿಲ್ಲ. ಸಾಲವಿಲ್ಲದವರು, ಹಣದ ಅವಸರವಿಲ್ಲದವರು ಕಾಯಬಹುದು. ಕಾಯುವ ಖರ್ಚನ್ನು ಲೆಕ್ಕಕ್ಕೆ ಹಿಡಿಯಬೇಕು, ಅಷ್ಟೇ.

ಸುದ್ದಿ ಓದುವಾಗ ಕೇಳಬೇಕಾದ ಪ್ರಶ್ನೆಗಳು

1. ಇದು ಯಾವ ಬೆಲೆ? ಹೇಳಿದ್ದೋ, ಮಾರ್ಗಸೂಚಿಯೋ, ಮಾರಾಟವಾದದ್ದೋ? ಪಕ್ಕದ ಸೈಟುಗಳ ಋಣಭಾರ ಪತ್ರವನ್ನು (ಇ.ಸಿ.) ತೆಗೆಸಿದರೆ ನೋಂದಣಿಯಾದ ಮೊತ್ತ ಕಾಣುತ್ತದೆ. ಪತ್ರದಲ್ಲಿ ಕಡಿಮೆ ತೋರಿಸುವ ಅಭ್ಯಾಸ ಇರುವುದರಿಂದ ಅದನ್ನೇ ಪೂರ್ತಿ ನಂಬಬೇಡಿ, ನಾಲ್ಕಾರು ಪತ್ರ ಹೋಲಿಸಿ.

2. ಹೇಳಿದವರು ಯಾರು? ಬೆಲೆ ಏರುತ್ತದೆ ಎಂಬ ಮಾತಿನಿಂದ ಅವರಿಗೆ ಕಮಿಷನ್ ಬರುತ್ತದೆಯೇ?

3. ಅದೇ ಲೇಔಟಿನಲ್ಲಿ ಕಳೆದ ಒಂದು ವರ್ಷದಲ್ಲಿ ಎಷ್ಟು ಸೈಟು ಕೈ ಬದಲಾಯಿಸಿವೆ? ಎಷ್ಟರಲ್ಲಿ ಮನೆ ಎದ್ದಿದೆ?

4. ಯೋಜನೆಯ ಸುದ್ದಿಯಾದರೆ, ಅದು ಯಾವ ಮೆಟ್ಟಿಲಲ್ಲಿದೆ? ಆದೇಶದ ಪ್ರತಿ ಇದೆಯೇ?

5. ದಾಖಲೆ ಸರಿಯಿದೆಯೇ? ಭೂಪರಿವರ್ತನೆ, ಇ-ಖಾತೆ ನೋಡಿ. ಯೋಜನಾ ಪ್ರದೇಶದಲ್ಲಿ 500 ಚದರ ಮೀಟರ್‌ಗಿಂತ ದೊಡ್ಡ ಲೇಔಟಿಗೆ ರೇರಾ ನೋಂದಣಿ ಕಡ್ಡಾಯ. ಅಂಥ ಕಡೆ ನೋಂದಾಯಿತ ಒಪ್ಪಂದವಿಲ್ಲದೆ ಶೇ 10ಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ಮಾರುಕಟ್ಟೆ ಬಿಸಿಯಿದ್ದಾಗ ಕಣ್ಣಿಗೆ ಬೀಳದ ಹುಳುಕು, ಮಂದಗತಿಯಲ್ಲಿ ಸೈಟು ಮಾರಲು ಹೋದಾಗ ಹೊರಬರುತ್ತದೆ.

ಒಟ್ಟಿನಲ್ಲಿ, ‘ರೇಟು ಇಳಿದಿಲ್ಲ’ ಎಂದು ಯಾರಾದರೂ ಹೇಳಿದರೆ ‘ಆ ರೇಟಿಗೆ ಕೊನೆಯ ಸೈಟು ಯಾವಾಗ ಹೋಯಿತು?’ ಎಂದು ಕೇಳಿ. ತಾರೀಖು ಸಮೇತ ಉತ್ತರ ಬಂದರೆ ಅದು ಬೆಲೆ. ಬರದಿದ್ದರೆ ಅದು ಮಾರುವವರ ಆಸೆ.