ಉಪ್ಪಿಲ್ಲದ ದೋಸೆಯ ಪೂರ್ವೋತ್ತರ

ರಕ್ತದೊತ್ತಡ ಹೊಕ್ಕ ಮನೆಯಲ್ಲಿ ಎಲ್ಲರ ಕಣ್ಣೂ ಮೊದಲು ಬೀಳುವುದು ಉಪ್ಪಿನ ಭರಣಿಯ ಮೇಲೆ. ಅದು ನ್ಯಾಯವೇ. ಆದರೆ ಅದರ ಪಕ್ಕದಲ್ಲಿಯೇ ಪರಮ ಸಾಧುವಿನಂತೆ ಕುಳಿತಿರುವ ಅಡಿಗೆ ಸೋಡಾದ ಡಬ್ಬಿಯನ್ನು ಯಾರೂ ವಿಚಾರಿಸುವುದಿಲ್ಲ. ನಾಲಿಗೆಗೆ ಉಪ್ಪೆನಿಸದ ಕಾರಣ ಅದಕ್ಕೆ ಈ ಮಾಫಿ. ವೈದ್ಯರು ಬೇಡವೆನ್ನುವುದು ಉಪ್ಪಿನ ರುಚಿಯನ್ನಲ್ಲ, ಅದರೊಳಗಿನ ಸೋಡಿಯಂ ಧಾತುವನ್ನು. ಒಂದು ಟೀ ಚಮಚ ಉಪ್ಪಿನಲ್ಲಿ ಅದು ಸುಮಾರು 2300 ಮಿಲಿಗ್ರಾಂ ಇದ್ದರೆ, ಅಷ್ಟೇ ಸೋಡಾದಲ್ಲಿ ಸುಮಾರು 1250 ಮಿಲಿಗ್ರಾಂ ಉಂಟು. ದಿನಕ್ಕೆ 2000 ಮಿಲಿಗ್ರಾಂ ಒಳಗೇ ಇರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹಾಗಿದ್ದ ಮೇಲೆ ಈ ಸೋಡಾ ಕಾವಲಿಯ ಹತ್ತಿರಕ್ಕೆ ಬಂದದ್ದಾದರೂ ಯಾವಾಗ?

ಬಹಳ ಹಿಂದೇನೂ ಅಲ್ಲ. ಹಿಟ್ಟನ್ನು ಕದಡಿ ಕಾದ ಕಲ್ಲಿನ ಮೇಲೆ ಹುಯ್ಯುವುದು ಮನುಷ್ಯನ ಹಳೆಯ ವಿದ್ಯೆ; ಅದನ್ನು ಉಬ್ಬಿಸಲು ಐರೋಪ್ಯರು ಮೊಟ್ಟೆಯನ್ನು ಕಡೆಯುತ್ತಿದ್ದರು, ಇಲ್ಲವೆ ಮದ್ಯದ ನೊರೆಯ ಯೀಸ್ಟನ್ನು ಬೆರೆಸಿ ಕಾಯುತ್ತಿದ್ದರು. ಕಾಯುವ ತಾಳ್ಮೆ ಮೊದಲು ಕೆಟ್ಟದ್ದು ಅಮೆರಿಕದಲ್ಲಿ. 1796ರಲ್ಲಿ ಅಮೀಲಿಯ ಸಿಮನ್ಸ್ ಎಂಬಾಕೆ ಅಚ್ಚು ಹಾಕಿಸಿದ ಅಡಿಗೆಯ ಪುಸ್ತಕದಲ್ಲಿ ಹಿಟ್ಟನ್ನು ಉಬ್ಬಿಸಲು ಕಟ್ಟಿಗೆಯ ಬೂದಿಯಿಂದ ತೆಗೆದ ಕ್ಷಾರವನ್ನು ಹೇಳಿದೆ. ಆ ಬೂದಿಯ ಕ್ಷಾರ ಪೊಟ್ಯಾಸಿಯಂ ಜಾತಿಯದು, ಸೋಡಿಯಂ ಜಾತಿಯದಲ್ಲ. ರೋಗಿಯ ದೃಷ್ಟಿಯಿಂದ ಇದು ಸಣ್ಣ ಭೇದವಲ್ಲ. ಅಷ್ಟರಲ್ಲಿ ಫ್ರಾನ್ಸಿನ ನಿಕೊಲಾ ಲೆಬ್ಲಾಂಕ್ 1791ರಲ್ಲಿಯೇ ಅಡಿಗೆಯ ಉಪ್ಪಿನಿಂದ ಸೋಡಾ ತೆಗೆಯುವ ಉಪಾಯವನ್ನು ಕಂಡುಹಿಡಿದಿದ್ದ. ಉಪ್ಪಿನೊಳಗೆ ಸೋಡಿಯಂ ಎಂಬ ಲೋಹವಿದೆಯೆಂಬುದು ಹಂಫ್ರಿ ಡೇವಿ ಅದನ್ನು ಬೇರ್ಪಡಿಸಿ ತೋರಿಸಿದ 1807ರವರೆಗೆ ಯಾರಿಗೂ ಖಚಿತವಿರಲಿಲ್ಲ! ಅಂತೂ ಸೋಡಾ ಉಪ್ಪಿನ ಹೊಟ್ಟೆಯಲ್ಲಿ ಹುಟ್ಟಿದ ಮಗಳೇ. ತಾಯಿಯ ಗುಣ ಎಲ್ಲಿಗೆ ಹೋದೀತು?

ಅಲ್ಲಿಂದ ಮುಂದೆ ಕಥೆ ಓಡುತ್ತದೆ. ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಬರ್ಡ್, ಯೀಸ್ಟ್ ಒಗ್ಗದ ತನ್ನ ಹೆಂಡತಿಗಾಗಿ 1843ರಲ್ಲಿ ಬೇಕಿಂಗ್ ಪೌಡರ್ ಮಾಡಿದ. 1846ರಲ್ಲಿ ಜಾನ್ ಡ್ವೈಟ್ ಮತ್ತು ಆಸ್ಟಿನ್ ಚರ್ಚ್ ಅಮೆರಿಕದಲ್ಲಿ ಅಡಿಗೆ ಸೋಡಾವನ್ನು ಪೊಟ್ಟಣ ಕಟ್ಟಿ ಮಾರತೊಡಗಿದರು. 1889ರಲ್ಲಿ ಮಿಸೌರಿಯ ಸೇಂಟ್ ಜೋಸೆಫ್ ಪಟ್ಟಣದಲ್ಲಿ ಸೋಡಾ, ಉಪ್ಪು ಎಲ್ಲವೂ ಮೊದಲೇ ಬೆರೆತ ಪ್ಯಾನ್‌ಕೇಕಿನ ಹಿಟ್ಟು ಹೊರಟಿತು. ನೂರು ವರ್ಷ ತುಂಬುವ ಮೊದಲೇ ಸಿಮನ್ಸಳ ಬೂದಿಯ ಜಾಗವನ್ನು ಪೂರ್ತಿಯಾಗಿ ಸೋಡಿಯಂ ಆಕ್ರಮಿಸಿತ್ತು. ಇಂದಿನ ನಮ್ಮ ದಿಢೀರ್ ದೋಸೆಯ ಪೊಟ್ಟಣಗಳು ಆ ವಂಶದ ಕುಡಿಗಳು.

ನಮ್ಮ ದೋಸೆಯ ವಂಶ ಬೇರೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ‘ಧೋಸಕ’ದ ಹೆಸರು ಬರುತ್ತದೆ. ಅದು ಬೇಳೆಯ ಹಿಟ್ಟಿನದು. ಅಕ್ಕಿ ಅದಕ್ಕೆ ಇನ್ನೂ ಸೇರಿರಲಿಲ್ಲ. ಸುಮಾರು 1508ರ ಹೊತ್ತಿಗೆ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ರಚಿಸಿದಾಗ ಹಿಟ್ಟಿನ ತಿಂಡಿಗಳಿಗೇ ಒಂದು ಅಧ್ಯಾಯವನ್ನು ಮೀಸಲಿಟ್ಟ. (ಅಡಿಗೆಯನ್ನು ಛಂದಸ್ಸಿಗೆ ಕೂರಿಸಿದ ಈ ಪುಣ್ಯಾತ್ಮನನ್ನು ತರಗತಿಯಲ್ಲಿ ಪಾಠ ಹೇಳುವಾಗಲೆಲ್ಲ ಹುಡುಗರಿಗೆ ಹಸಿವಾಗುತ್ತದೆ.) ಸಜ್ಜೀಕ್ಷಾರ ನಮ್ಮ ವೈದ್ಯರಿಗೆ ತಿಳಿದಿತ್ತು, ನಿಜ. ಆದರೆ ಅಕ್ಕಿ-ಉದ್ದಿನ ಹಿಟ್ಟಿಗೆ ಅದರ ಹಂಗು ಬೇಕಿಲ್ಲ. ಅರೆದು ಒಂದು ರಾತ್ರಿ ಸುಮ್ಮನಿಟ್ಟರೆ, ಲ್ಯೂಕೊನೊಸ್ಟಾಕ್ ಮೊದಲಾದ ಸೂಕ್ಷ್ಮಜೀವಿಗಳು ತಾವೇ ಗಾಳಿ ತುಂಬಿ ಉಬ್ಬಿಸುತ್ತವೆ, ಹುಳಿಯನ್ನೂ ಕೊಡುತ್ತವೆ. ಈ ಕೆಲಸಕ್ಕೆ ಉಪ್ಪೂ ಬೇಡ; ಹೆಚ್ಚಾದರೆ ಅದು ಹುದುಗನ್ನು ತಡೆಯುತ್ತದೆ.

ಉಪ್ಪಿಗೂ ರಕ್ತದೊತ್ತಡಕ್ಕೂ ಇರುವ ನಂಟನ್ನು 1904ರಲ್ಲಿ ಪ್ಯಾರಿಸಿನ ಆಂಬಾರ್ ಮತ್ತು ಬೊಝಾರ್ ಎಂಬಿಬ್ಬರು ವೈದ್ಯರು ಎತ್ತಿ ತೋರಿಸಿದರು. 1939ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದಲ್ಲಿ ವಾಲ್ಟರ್ ಕೆಂಪ್ನರ್ ಎಂಬ ಜರ್ಮನ್ ವೈದ್ಯ ಉಲ್ಬಣಿಸಿದ ರೋಗಿಗಳಿಗೆ ಬರಿಯ ಅನ್ನ, ಹಣ್ಣು, ಹಣ್ಣಿನ ರಸ, ಸಕ್ಕರೆ ಕೊಡುವ ಪಥ್ಯವನ್ನು ಹಿಡಿದ. ಒತ್ತಡಕ್ಕೆ ಒಳ್ಳೆಯ ಮಾತ್ರೆಗಳಿಲ್ಲದ ಕಾಲ ಅದು. ಅನೇಕರಿಗೆ ಗುಣ ಕಂಡಿತು. ಆದರೆ ಅಂಥ ಊಟವನ್ನು ತಿಂಗಳುಗಟ್ಟಲೆ ಉಣ್ಣುವುದೆಂದರೆ ತಪಸ್ಸೇ.

ಪಥ್ಯದ ನಿಜವಾದ ಕಷ್ಟ ಇರುವುದು ಇಲ್ಲಿ. ನಮ್ಮ ತಾಯಿಗೆ ಎಪ್ಪತ್ತೆರಡು. ಉಪ್ಪು ಕಡಿಮೆ ಮಾಡಿರೆಂದು ವೈದ್ಯರು ಹೇಳಿದ ಮೇಲೆ ಆಕೆ ಹಟದಿಂದ ಉಪ್ಪನ್ನು ಬಿಟ್ಟರು. ಅದರೊಡನೆ ಊಟವನ್ನೂ ಅರ್ಧ ಬಿಟ್ಟರು. ಮೂರು ತಿಂಗಳಲ್ಲಿ ಕೈಬಳೆ ಮೊಳಕೈಗೆ ಜಾರುವಷ್ಟು ಸೊರಗಿದರು. ಒತ್ತಡ ಇಳಿದು ಮನುಷ್ಯರೇ ಇಳಿದುಹೋದರೆ ಏನು ಬಂತು? ಪೊಟ್ಯಾಸಿಯಂ ಬೆರೆತ ಬದಲಿ ಉಪ್ಪು ಅಂಗಡಿಯಲ್ಲಿ ಸಿಗುತ್ತದೆ. ಆದರೆ ಮೂತ್ರಪಿಂಡ ದುರ್ಬಲವಾಗಿರುವವರಿಗೆ ಅದು ಅಪಾಯ. ವೈದ್ಯರು ಆಕೆಗೆ ಅದು ಬೇಡವೆಂದರು.

ಉಳಿದದ್ದು ಹುಳಿ. ಮೂರು ಪಾವು ಅಕ್ಕಿಗೆ ಒಂದು ಪಾವು ಉದ್ದು, ಒಂದು ಚಮಚ ಮೆಂತ್ಯ ನೆನೆಸಿ ನುಣ್ಣಗೆ ಅರೆದು, ಉಪ್ಪೂ ಸೋಡಾವೂ ಇಲ್ಲದೆ ರಾತ್ರಿಯಿಡೀ ಇಟ್ಟೆವು. ಬೆಳಿಗ್ಗೆ ಹಿಟ್ಟಿಗೆ ಜೀರಿಗೆ, ಕುಟ್ಟಿದ ಮೆಣಸು, ಹೆಚ್ಚಿದ ಈರುಳ್ಳಿ. ಉಪ್ಪು ಅಡಗುವ ಇನ್ನೊಂದು ಜಾಗ ಚಟ್ನಿ. ಅದಕ್ಕೆ ಕಾಯಿ, ಹಸಿಮೆಣಸಿನಕಾಯಿ, ಕೊತ್ತಂಬರಿಯೊಡನೆ ನಿಂಬೆಯ ರಸವನ್ನು ಧಾರಾಳವಾಗಿ ಹಿಂಡಿದೆವು. ಉಪ್ಪಿನಕಾಯಿಯನ್ನು ಕಣ್ಣಿಗೆ ಬೀಳದಂತೆ ಅಟ್ಟಕ್ಕೆ ಏರಿಸಿದೆವು.

ತಾಯಿ ಮೊದಲನೆಯ ದೋಸೆಯನ್ನು ಮಾತಿಲ್ಲದೆ ತಿಂದರು. ಎರಡನೆಯದಕ್ಕೆ ತಟ್ಟೆ ಮುಂದೆ ನೀಡಿ, “ಹಿಟ್ಟು ಇನ್ನೊಂದು ಗಳಿಗೆ ಹುಳಿಯಬೇಕಾಗಿತ್ತು” ಎಂದರು.